ಲೈನ್ ಕ್ಲಿಯರ್ ಕೇಳುತ್ತಿದ್ದವರು

ಅವರು ಕಂಬ ಹತ್ತುತ್ತಿರಲಿಲ್ಲ. ಕಂಬ ಹತ್ತುವುದೇ ಕೆಲಸವಾಗಿದ್ದ ಒಂಬತ್ತು ಜನರ ಆಫೀಸಿನಲ್ಲಿ ಕಂಬ ಹತ್ತದವರು ಒಬ್ಬರಿದ್ದಾರೆ ಎನ್ನುವುದೇ ಅವರ ಬಗ್ಗೆ ನನಗೆ ತಿಳಿದ ಮೊದಲ ಸಂಗತಿ. ತುರುವೇಕೆರೆ ತಾಲ್ಲೂಕಿನ ಒಂದು ಹೋಬಳಿಯ ಕರೆಂಟ್ ಆಫೀಸಿಗೆ ನಾನು ಜೂನಿಯರ್ ಇಂಜಿನಿಯರ್ ಆಗಿ ಹೋದದ್ದು ತೊಂಬತ್ತರ ದಶಕದ ನಡುವೆ. ವಯಸ್ಸು ಇಪ್ಪತ್ತಾರು. ಕಾಲೇಜಿನಲ್ಲಿ ಓದಿದ್ದು ಇನ್ನೂ ತಲೆಯಲ್ಲಿ ಬಿಸಿಯಾಗಿತ್ತು. ಆಫೀಸಿನ ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕರೆದು, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳುತ್ತ ಬಂದೆ. ಅವರ ಸರದಿ ಬಂದಾಗ ಅವರು ಸ್ವಲ್ಪ ಯೋಚಿಸಿ, ‘ಇವ್ರ ಜೊತೆ ಹೋಯ್ತೀನಿ ಸಾರ್’ ಎಂದರು. ಉಳಿದವರು ನಕ್ಕರು. ನಾನು ನಗಲಿಲ್ಲ.

ಹುದ್ದೆಯ ಲೆಕ್ಕಕ್ಕೆ ಅವರು ಗ್ಯಾಂಗ್‌ಮನ್. ನಾನು ಹೈಸ್ಕೂಲಿನಲ್ಲಿದ್ದ ಕಾಲದಲ್ಲೇ ಒಮ್ಮೆ ಕಂಬದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರಂತೆ. ಅದು ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಬಲಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದರು. ಸಣ್ಣ ಮೈಕಟ್ಟು, ನರೆತ ಕ್ರಾಪು, ಖಾಕಿ ಶರ್ಟಿನ ತೋಳನ್ನು ಮೊಣಕೈವರೆಗೆ ಮಡಚಿಕೊಂಡೇ ಇರುತ್ತಿದ್ದರು. ಯಾರಾದರೂ ಮಾತಾಡುವಾಗ ಅವರ ಮುಖ ನೋಡುತ್ತಿರಲಿಲ್ಲ, ತಲೆ ಬಗ್ಗಿಸಿ ನೆಲ ನೋಡುತ್ತ ಕೇಳುತ್ತಿದ್ದರು. ಗಮನವಿಲ್ಲ ಎಂದುಕೊಂಡರೆ ತಪ್ಪು. ಎರಡು ತಿಂಗಳ ಮೇಲೆ ಆ ಮಾತನ್ನು ಅಕ್ಷರ ಬಿಡದೆ ಹೇಳಬಲ್ಲವರಾಗಿದ್ದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ನನ್ನ ಎದುರಿಗೆ ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ನಾನಿಲ್ಲದಾಗ ‘ನಮ್ಮ ಹುಡುಗ ಸಾಹೇಬ್ರು’ ಎನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ಅವರ ಹೆಸರು ಇಲ್ಲಿ ಬೇಡ. ಆ ಕಡೆಯವರಿಗೆ ಓದಿದರೆ ಗೊತ್ತಾಗುತ್ತದೆ, ಉಳಿದವರಿಗೆ ಅಗತ್ಯವಿಲ್ಲ.

ಅವರ ಊರು ಚಿಕ್ಕನಾಯಕನಹಳ್ಳಿಯ ಆಚೆ, ಶೆಟ್ಟಿಕೆರೆ ಕಡೆಯ ಒಂದು ಹಟ್ಟಿ. ಮನೆತನ ಕುರಿ ಕಾಯುವವರದು. ಜನರನ್ನು ಹೇಗೆ ಒಟ್ಟಿಗೆ ಇಟ್ಟುಕೊಳ್ಳಬೇಕೆಂಬುದನ್ನು ಕುರಿಮಂದೆಯಿಂದ ಕಲಿತಿರಬೇಕು ಎಂದು ನಾನು ಒಮ್ಮೆ ಬಹಳ ಜಾಣತನದ ಮಾತು ಆಡಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಾವು ಕುರಿ ಕಾದದ್ದು ಎರಡೇ ತಿಂಗಳು, ಅಷ್ಟರಲ್ಲಿ ಮೂರು ಕುರಿ ಕಳೆದದ್ದಾಯಿತು, ಇವನು ಇದಕ್ಕೂ ಬೇಡ ಎಂದು ಅಪ್ಪ ಸ್ಕೂಲಿಗೆ ಸೇರಿಸಿದರು ಎಂದರು.

ನಮ್ಮ ಸೀಮೆಯಲ್ಲಿ ಕರೆಂಟಿನ ಕೆಲಸವೆಂದರೆ ಅರ್ಧ ತೆಂಗಿನ ಕೆಲಸ. ತೋಟದ ಮೇಲೇ ಲೈನು ಹಾದುಹೋಗಿರುತ್ತದೆ. ಗಾಳಿ ಎದ್ದರೆ ಗರಿ ಬಂದು ತಂತಿಯ ಮೇಲೆ ಬೀಳುತ್ತದೆ, ಇನ್ಸುಲೇಟರ್ ಒಡೆಯುತ್ತದೆ, ಪಂಪ್‌ಸೆಟ್ಟಿನವರು ಆಫೀಸಿನ ಮುಂದೆ ಬಂದು ನಿಲ್ಲುತ್ತಾರೆ. ದಿನಕ್ಕೆ ಎರಡೋ ಮೂರೋ ಸಲ ಲೈನು ಆಫ್ ಮಾಡಿಸಿ ಕಂಬ ಹತ್ತಲೇಬೇಕು. ಅದಕ್ಕೊಂದು ಕ್ರಮವಿದೆ, ಅದನ್ನು ಲೈನ್ ಕ್ಲಿಯರ್ ಎನ್ನುತ್ತಾರೆ. ಹನ್ನೊಂದು ಸಾವಿರ ವೋಲ್ಟಿನ ಲೈನು ಮುಟ್ಟುವ ಮೊದಲು ಲೈನ್‌ಮನ್ ಕರೆಂಟ್ ಹಂಚುವ ಸ್ಟೇಷನ್ನಿನ ಆಪರೇಟರಿಗೆ ಹೇಳಬೇಕು. ಆಪರೇಟರ್ ಆ ಲೈನನ್ನು, ಅವರ ಮಾತಿನಲ್ಲಿ ಫೀಡರನ್ನು, ಆಫ್ ಮಾಡಿ, ಪುಸ್ತಕದಲ್ಲಿ ಬರೆದು, ಒಂದು ನಂಬರ್ ಕೊಡುತ್ತಾನೆ. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಅದೇ ನಂಬರ್ ಹೇಳಿ ಲೈನು ವಾಪಸ್ ಕೊಡಬೇಕು. ಅಲ್ಲಿಯವರೆಗೆ, ಎಷ್ಟು ಹೊತ್ತಾದರೂ, ಆಪರೇಟರ್ ಕರೆಂಟ್ ಬಿಡಕೂಡದು. ಕಂಬದ ಮೇಲಿರುವವನ ಜೀವ ಈ ಎರಡು ಮಾತುಗಳ ನಡುವೆ ಇರುತ್ತದೆ.

ಇಷ್ಟೂ ನನಗೆ ಪುಸ್ತಕದಿಂದ ಗೊತ್ತಿತ್ತು. ನಮ್ಮ ಆಫೀಸಿನಲ್ಲಿ ಆ ಎರಡೂ ಮಾತುಗಳನ್ನು ಆಡುತ್ತಿದ್ದವರು ಯಾರು ಎಂಬುದು ಗೊತ್ತಿರಲಿಲ್ಲ.

ಹಿರಿಯ ಲೈನ್‌ಮನ್ ರಂಗಸ್ವಾಮಿ. ಕೆಲಸದಲ್ಲಿ ಕರಾರುವಾಕ್ಕು, ಬಾಯಿ ಒರಟು. ಸ್ಟೇಷನ್ನಿನಲ್ಲಿ ಹಗಲು ಪಾಳಿಗೆ ಹೆಚ್ಚಾಗಿ ಇರುತ್ತಿದ್ದ ಆಪರೇಟರ್ ಶಿವಣ್ಣ. ಮಾತು ಕಡಿಮೆ, ಮನಸ್ಸಿಗೆ ಹಚ್ಚಿಕೊಳ್ಳುವುದು ಜಾಸ್ತಿ. ನಾನು ಬರುವುದಕ್ಕೆ ವರ್ಷದ ಹಿಂದೆ, ಒಂದು ಬೇಸಿಗೆಯ ದಿನ, ಶಿವಣ್ಣ ಊಟಕ್ಕೆ ಹೋಗಿ ತಡಮಾಡಿದ್ದರಿಂದ ರಂಗಸ್ವಾಮಿ ಬಿಸಿಲಲ್ಲಿ ಅರ್ಧ ಗಂಟೆ ಕಾಯಬೇಕಾಯಿತು. ಸಂಜೆ ಸ್ಟೇಷನ್ನಿಗೆ ಹೋಗಿ ಶಿವಣ್ಣನ ತಾಯಿಯನ್ನು ಎತ್ತಿ ಬೈದರು. ಆ ತಾಯಿ ತೀರಿಹೋಗಿ ಆಗ ತಿಂಗಳಾಗಿತ್ತಷ್ಟೆ. ಬೈಯುವಾಗ ರಂಗಸ್ವಾಮಿಗೆ ಅದು ನೆನಪಿಗೆ ಬರಲಿಲ್ಲ. ನೆನಪಾದ ಮೇಲೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲದ ಇಬ್ಬರ ನಡುವೆ ದಿನಕ್ಕೆ ಮೂರು ಸಲ ಲೈನ್ ಕ್ಲಿಯರ್ ಓಡಾಡುತ್ತಿತ್ತು. ಓಡಾಡಿಸುತ್ತಿದ್ದವರು ಮಾವ. ಆಗ ಮೊಬೈಲ್ ಇರಲಿಲ್ಲ. ಯಾವ ಊರಿನಲ್ಲಿ ಯಾರ ಮನೆಗೆ ಫೋನ್ ಇದೆ, ಯಾರು ಮುಖ ಗಂಟಿಕ್ಕದೆ ಕೊಡುತ್ತಾರೆ, ಯಾರ ಮನೆಯ ನಾಯಿ ಕಟ್ಟಿರುವುದಿಲ್ಲ, ಎಲ್ಲವೂ ಅವರಿಗೆ ಗೊತ್ತಿತ್ತು. ಫೋನ್ ಕೆಟ್ಟಿದ್ದರೆ ಆ ಕಾಲಿನಲ್ಲೇ ಸೈಕಲ್ ತುಳಿದುಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದರು. ಪುಸ್ತಕದಲ್ಲಿ ಮಾತ್ರ ಕೇಳಿದವರು ರಂಗಸ್ವಾಮಿ, ಕೊಟ್ಟವರು ಶಿವಣ್ಣ ಎಂದಿರುತ್ತಿತ್ತು.

ಇದನ್ನು ನಾನು ಕಣ್ಣಾರೆ ನೋಡಿದ್ದು ಒಂದೇ ಸಲ. ದಂಡಿನಶಿವರದ ದಾರಿಯಲ್ಲಿ ತೋಟದ ಮನೆಯೊಂದರ ಪಡಸಾಲೆ. ರಂಗಸ್ವಾಮಿ ಹೊರಗೆ ನಿಂತು, ಆ ಮೂದೇವಿಗೆ ತೂಕಡಿಸದೆ ಲೈನು ಕೊಡೋದಕ್ಕೆ ಹೇಳು ಎಂದರು. ಮಾವ ಫೋನಿನಲ್ಲಿ, ‘ಶಿವಣ್ಣ, ರಂಗಸ್ವಾಮಿ ಲೈನ್ ಕೇಳ್ತಾ ಅವ್ರೆ ಕಣಪ್ಪ. ಎರಡ್ನೇ ಫೀಡರು. ನಿಂದು ಊಟ ಆಯ್ತಾ?’ ಎಂದರು. ಅತ್ತಲಿಂದ ಏನು ಬಂತೋ ನನಗೆ ಕೇಳಲಿಲ್ಲ. ಫೋನಿಟ್ಟು ಹೊರಗೆ ಬಂದು ರಂಗಸ್ವಾಮಿಗೆ ನಂಬರ್ ಹೇಳಿ, ‘ಉಷಾರಾಗಿ ಹತ್ತು ಅಂದ್ರು’ ಎಂದು ಸೇರಿಸಿದರು. ರಂಗಸ್ವಾಮಿ ಬೆಲ್ಟು ಬಿಗಿದುಕೊಂಡರು.

ದಾರಿಯಲ್ಲಿ ನಾನು ಕೇಳಿದೆ, ಶಿವಣ್ಣ ನಿಜವಾಗಿ ಹಾಗಂದರಾ? ಮಾವ ಸೈಕಲ್ ತಳ್ಳಿಕೊಂಡು ಬರುತ್ತಿದ್ದವರು, ‘ಅಂದಿರ್ತಾರೆ ಬುಡಿ ಸಾರ್, ಮನಸ್ನಲ್ಲಿ’ ಎಂದರು. ತಮಾಷೆ ಎಂದುಕೊಂಡೆ. ಇಬ್ಬರಿಗೂ ಮಾತೇ ಇಲ್ಲ ಎಂದು ನನಗೆ ಹೊಳೆಯಲಿಲ್ಲ.

ಅವರ ಇನ್ನೊಂದು ಕೆಲಸ ಅರ್ಥ್ ಚೈನು ಹಾಕುವುದು. ಲೈನು ಆಫ್ ಆದ ಮೇಲೆ, ಯಾರೂ ಹತ್ತುವ ಮುಂಚೆ, ಸರಪಳಿಯ ಒಂದು ತುದಿಯನ್ನು ನೆಲಕ್ಕೆ ಕಟ್ಟಿ, ಇನ್ನೊಂದನ್ನು ಕೆಳಗೇ ನಿಂತು ಉದ್ದನೆಯ ಕೋಲಿನಿಂದ ತಂತಿಯ ಮೇಲೆ ಹಾಕುವುದು. ಅಕಸ್ಮಾತ್ ಕರೆಂಟ್ ಬಂದರೂ ಅದು ನೆಲಕ್ಕಿಳಿದು ಸ್ಟೇಷನ್ನಿನಲ್ಲಿ ಲೈನು ತಾನೇ ಟ್ರಿಪ್ ಆಗಿ ನಿಲ್ಲುತ್ತದೆ, ಮೇಲಿರುವವನು ಉಳಿಯುತ್ತಾನೆ. ಇದನ್ನು ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಚೈನು ಹಾಕಿದ ಮೇಲೆ ಕಂಬದ ಬುಡದಲ್ಲಿ ಕೂತು ಮೇಲಿರುವವನ ಜೊತೆ ಮಾತಾಡುತ್ತಿದ್ದರು. ಮಗಳ ಸ್ಕೂಲು, ಕೊಬ್ಬರಿ ಒಣಗಿತೇ, ಊರ ದೇವರ ಪರದ ಊಟ. ಹೊಸದಾಗಿ ಸೇರಿದ್ದ ನಾಗರಾಜು ಎಂಬ ಲೈನ್‌ಮನ್ ಅಳಿಲಿನ ಹಾಗೆ ಹತ್ತುತ್ತಿದ್ದವನು, ರಂಗಸ್ವಾಮಿಯ ನಿಧಾನವನ್ನು ಕಂಡು ಗೇಲಿ ಮಾಡುತ್ತಿದ್ದ. ಮಾವ ಅವನಿಗೆ ಬುದ್ಧಿ ಹೇಳಲಿಲ್ಲ. ಅವನು ಹತ್ತಿರದಲ್ಲಿರುವಾಗ ರಂಗಸ್ವಾಮಿಯನ್ನು ಏನಾದರೂ ಕೇಳುತ್ತಿದ್ದರು: ಈ ಜಂಪು ತಂತಿ ಯಾಕೆ ಹೀಗೆ ಸುಟ್ಟಿದೆ, ಈ ಇನ್ಸುಲೇಟರ್ ಒಳಗೇ ಸೀಳಿದೆ ಅಂತ ಹೇಗೆ ಗೊತ್ತಾಯಿತು. ಇಪ್ಪತ್ತು ವರ್ಷ ಲೈನಿನ ಕೆಲಸ ಕಂಡಿದ್ದ ಅವರಿಗೆ ಉತ್ತರ ಗೊತ್ತಿರಲಿಲ್ಲವೇ? ಆರು ತಿಂಗಳಲ್ಲಿ ನಾಗರಾಜುವೇ ರಂಗಸ್ವಾಮಿಯನ್ನು ಕೇಳಲು ಶುರುಮಾಡಿದ. ಆಮೇಲೆ ಮಾವ ಕೇಳುವುದನ್ನು ನಿಲ್ಲಿಸಿದರು.

ಇದೆಲ್ಲ ನಾನು ಹಿಂದಿರುಗಿ ನೋಡಿ ಜೋಡಿಸಿಕೊಂಡದ್ದು. ಆಗ ನನ್ನ ಗಮನವೆಲ್ಲ ನಾನೇ ಹೊಸದಾಗಿ ಮಾಡಿಸಿದ್ದ ಒಂದು ರಿಜಿಸ್ಟರಿನ ಮೇಲಿತ್ತು. ಯಾರು ಎಷ್ಟು ದೂರಿಗೆ ಹೋದರು, ಎಷ್ಟು ಕಂಬ ಹತ್ತಿದರು, ಎಷ್ಟು ಫ್ಯೂಸು ಹಾಕಿದರು ಎಂದು ದಿನವೂ ಬರೆಯುವ ರಿಜಿಸ್ಟರು. ಮೇಲಿನ ಆಫೀಸಿನಲ್ಲಿ ಅದನ್ನು ಮೆಚ್ಚಿದ್ದರು. ತಿಂಗಳ ಕೊನೆಗೆ ಕೂಡಿದರೆ ನಾಗರಾಜುವಿನ ಸಾಲು ತುಂಬಿರುತ್ತಿತ್ತು, ರಂಗಸ್ವಾಮಿಯದು ಪರವಾಗಿಲ್ಲ ಎನ್ನುವಂತಿತ್ತು, ಮಾವನ ಸಾಲು ಹೆಚ್ಚುಕಡಿಮೆ ಖಾಲಿ.

ಎರಡು ವರ್ಷ ಕಳೆದಿರಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಆಫೀಸಿನಲ್ಲಿ ಜನ ಸಾಲದೆ, ನಿಮ್ಮಲ್ಲಿಂದ ಒಬ್ಬರನ್ನು ಕೊಡಿ ಎಂದು ಕಾಗದ ಬಂತು. ನಾನು ರಿಜಿಸ್ಟರ್ ತೆಗೆದು ನೋಡಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಅವರ ಊರಿಗೂ ಹತ್ತಿರವಾಗುತ್ತದೆ, ಖುಷಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರನ್ನು ಒಂದು ಮಾತೂ ಕೇಳಲಿಲ್ಲ.

ಆರ್ಡರ್ ಕೊಟ್ಟಾಗ ಅವರು ಓದಿ ಮಡಚಿ ಜೇಬಿಗಿಟ್ಟುಕೊಂಡರು. ಹೊರಡುವ ದಿನ ನನ್ನ ಕೋಣೆಗೆ ಬಂದರು. ಕೂರಲು ಹೇಳಿದರೂ ನಿಂತೇ ಇದ್ದರು.

‘ಸಾರ್, ರಂಗಸ್ವಾಮಿಗೂ ಶಿವಣ್ಣಂಗೂ ಮಾತಿಲ್ಲ ಕಣ್ರೀ. ಮೂರು ವರ್ಷ ಆಯ್ತು. ಲೈನ್ ಕ್ಲಿಯರ್ ಎಲ್ಲಾ ನಾನೇ ಈಸ್ಕೊಡ್ತಿದ್ದೆ. ಅದೊಂದ್ ನೋಡ್ಕಳಿ.’

ನಾನು ಯಾವುದೋ ಎಸ್ಟಿಮೇಟ್ ಬರೆಯುತ್ತಿದ್ದೆ. ತಲೆ ಎತ್ತದೆ, ‘ಅವರೇನು ಚಿಕ್ಕ ಮಕ್ಕಳಾ? ಕೆಲಸ ಬಂದರೆ ಮಾತಾಡ್ತಾರೆ’ ಎಂದೆ.

ಅವರು ನೆಲ ನೋಡುತ್ತಲೇ, ‘ಆಡಾಕಿಲ್ಲ ಸಾರ್. ಇಬ್ರುನೂ ಕೂರ್ಸಿ ಒಂದ್ ಸಲ ಹೇಳಿ’ ಎಂದರು. ಆಗಲಿ ಎಂದೆ. ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಅದು ನನ್ನ ಕೆಲಸವೆಂದು ಅನ್ನಿಸಲಿಲ್ಲ.

ಅವರು ಹೋದ ಮೇಲೆ ಆಫೀಸಿನಲ್ಲಿ ಏನೋ ಬದಲಾಯಿತು, ಏನೆಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಹಬ್ಬದ ರಜೆಗೆ ಜಗಳ ಶುರುವಾಯಿತು. ಮೊದಲು ಯಾರು ಯಾವ ಹಬ್ಬಕ್ಕೆ ಹೋಗಬೇಕೆಂದು ಅವರೇ ಎಲ್ಲರನ್ನೂ ಕೇಳಿ ಹೊಂದಿಸಿರುತ್ತಿದ್ದರೆಂದು ಆಗ ಗೊತ್ತಾಯಿತು. ಟೀ ಅಂಗಡಿಗೆ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದವರು ಇಬ್ಬಿಬ್ಬರಾಗಿ ಹೋಗತೊಡಗಿದರು. ನಾಗರಾಜು ಒಂದು ದಿನ, ಮಾವ ಇದ್ದಿದ್ರೆ ಎಂದು ಏನೋ ಹೇಳಲು ಬಂದವನು ನನ್ನನ್ನು ನೋಡಿ ಸುಮ್ಮನಾದ.

ಲೈನ್ ಕ್ಲಿಯರಿಗೆ ರಂಗಸ್ವಾಮಿಯೂ ಶಿವಣ್ಣನೂ ತಮ್ಮದೇ ದಾರಿ ಕಂಡುಕೊಂಡರು. ಮಾತಾಡುವ ಬದಲು ಚೀಟಿ. ಬೆಳಗ್ಗೆ ರಂಗಸ್ವಾಮಿ ಒಂದು ಚೀಟಿ ಬರೆದು ಸ್ಟೇಷನ್ನಿಗೆ ಕಳಿಸುತ್ತಿದ್ದರು: ಎರಡನೇ ಫೀಡರ್, ಹನ್ನೊಂದರಿಂದ ಹನ್ನೆರಡು. ಶಿವಣ್ಣ ಹನ್ನೊಂದಕ್ಕೆ ಆಫ್ ಮಾಡುವುದು, ಹನ್ನೆರಡಕ್ಕೆ ಆನ್ ಮಾಡುವುದು. ನಂಬರ್ ಇಲ್ಲ, ವಾಪಸ್ ಇಲ್ಲ. ಇದಕ್ಕಿಂತ ಅಪಾಯದ ಪದ್ಧತಿ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ, ಇಬ್ಬರಿಗೂ ಅದು ಚೆನ್ನಾಗಿ ಗೊತ್ತಿತ್ತು. ಪುಸ್ತಕದಲ್ಲಿ ಶಿವಣ್ಣ ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದರು. ನಾನು ವಾರಕ್ಕೊಮ್ಮೆ ಪುಸ್ತಕ ನೋಡಿ ಸಹಿ ಹಾಕುತ್ತಿದ್ದೆ.

ನಾಲ್ಕನೇ ತಿಂಗಳಲ್ಲಿ, ಒಂದು ತೋಟದ ಅಂಚಿನ ಕಂಬದ ಮೇಲೆ ಒಡೆದ ಇನ್ಸುಲೇಟರ್ ಬದಲಾಯಿಸಬೇಕಿತ್ತು. ಹತ್ತಿದವನು ನಾಗರಾಜು. ಬೋಲ್ಟು ತುಕ್ಕು ಹಿಡಿದು ಕೂತಿತ್ತು, ಎಷ್ಟು ತಿರುಗಿಸಿದರೂ ಅಲ್ಲಾಡಲಿಲ್ಲ. ಹನ್ನೆರಡಾಯಿತು. ಇನ್ನೂ ಕೆಲಸ ಮುಗಿದಿಲ್ಲವೆಂದು ಸ್ಟೇಷನ್ನಿಗೆ ಯಾರೂ ಹೇಳಲಿಲ್ಲ. ನಾವು ಹೇಳದೆ ಕರೆಂಟ್ ಬಿಡುವುದಿಲ್ಲ ಎಂದು ರಂಗಸ್ವಾಮಿ ಅಂದುಕೊಂಡರು. ಹನ್ನೆರಡು ಎಂದು ಬರೆದಿದ್ದಾರಲ್ಲ ಎಂದು ಶಿವಣ್ಣ ಅಂದುಕೊಂಡರು. ಇನ್ನೂ ಐದು ನಿಮಿಷ ಕಾದರಂತೆ. ಆಮೇಲೆ ಬಿಟ್ಟರು. ಅರ್ಥ್ ಚೈನು ಹಾಕಿರಲಿಲ್ಲ. ರಂಗಸ್ವಾಮಿ ಹಾಕಿದ್ದಾರೆಂದು ನಾಗರಾಜು, ನಾಗರಾಜು ಹಾಕಿದ್ದಾನೆಂದು ರಂಗಸ್ವಾಮಿ.

ಬೆಲ್ಟು ಕಟ್ಟಿದ್ದರಿಂದ ನಾಗರಾಜು ಕೆಳಗೆ ಬೀಳಲಿಲ್ಲ. ಕಂಬಕ್ಕೆ ಜೋತುಕೊಂಡಿದ್ದ. ಇಳಿಸಿ, ತೋಟದವರ ಜೀಪಿನಲ್ಲಿ ತುರುವೇಕೆರೆಗೆ, ಅಲ್ಲಿಂದ ತುಮಕೂರಿಗೆ ಸಾಗಿಸಿದೆವು. ಜೀವ ಉಳಿಯಿತು. ಎಡಗೈಯನ್ನು ಮೊಣಕೈ ಕೆಳಗೆ ತೆಗೆದರು. ಅವನಿಗೆ ಆಗ ಇಪ್ಪತ್ತೆಂಟು; ಮದುವೆಯಾಗಿ ವರ್ಷವಾಗಿತ್ತು.

ಮಾವನಿಗೆ ಯಾರು ಸುದ್ದಿ ಮುಟ್ಟಿಸಿದರೋ ತಿಳಿಯದು. ಮಾರನೆಯ ದಿನ ಶೆಟ್ಟಿಕೆರೆ ಕಡೆಯ ಮೊದಲ ಬಸ್ಸಿಗೆ ಬಂದರು. ಆಸ್ಪತ್ರೆಗೂ ಹೋಗಲಿಲ್ಲ, ಆಫೀಸಿಗೂ ಬರಲಿಲ್ಲ. ನೇರ ಶಿವಣ್ಣನ ಮನೆಗೆ ಹೋದರು. ಶಿವಣ್ಣ ಹಿಂದಿನ ಮಧ್ಯಾಹ್ನದಿಂದ ಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದರು. ಹೆಂಡತಿ ಎಷ್ಟು ಕರೆದರೂ ಬಾಗಿಲು ತೆಗೆದಿರಲಿಲ್ಲ. ಮಾವ ಬಾಗಿಲ ಹೊರಗೆ ಕೂತು ಮೆಲ್ಲಗೆ ಮಾತಾಡುತ್ತಲೇ ಇದ್ದರಂತೆ. ಏನು ಮಾತಾಡಿದರೆಂದು ಆ ಹೆಂಗಸನ್ನು ನಾನು ಆಮೇಲೆ ಕೇಳಿದೆ. ಏನೂ ಇಲ್ಲ ಸಾರ್, ಅವರೂರ ಕೆರೆ, ಮಳೆ, ಅಂಥಾದ್ದೇ ಎಂದರು ಆಕೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು.

ಅದರ ಮಾರನೆಯ ದಿನ ತುಮಕೂರಿನ ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ನಾನು ಕೂತಿದ್ದಾಗ ಮೂವರು ಮೆಟ್ಟಿಲು ಹತ್ತಿ ಬಂದರು. ಮುಂದೆ ಮಾವ, ಹಿಂದೆ ರಂಗಸ್ವಾಮಿ ಮತ್ತು ಶಿವಣ್ಣ. ಅವರಿಬ್ಬರನ್ನೂ, ಇನ್ನೊಬ್ಬರು ಬರುತ್ತಾರೆಂದು ಹೇಳದೆ, ಒಂದೇ ಬಸ್ಸಿಗೆ ಹತ್ತಿಸಿದ್ದರಂತೆ. ಬಸ್ಸಿನಲ್ಲಿ ತಾವು ನಡುವೆ ಕೂತಿದ್ದರಂತೆ. ನಾನು ಎದ್ದು ಅವರ ಹಿಂದೆ ಒಳಗೆ ಹೋದೆ. ನಾಗರಾಜು ಕಣ್ಣು ಬಿಟ್ಟು ಮೂವರನ್ನೂ ನೋಡಿದ.

‘ಇಬ್ರೂ ಒಟ್ಟಿಗೆ ಬಂದ್ರಾ?’ ಎಂದ ನಾಗರಾಜು.

‘ಹೂಂ ಕಣಪ್ಪ’ ಎಂದರು ರಂಗಸ್ವಾಮಿ. ಆಮೇಲೆ ಶಿವಣ್ಣನ ಕಡೆ ತಿರುಗಿ, ‘ಕೂತ್ಕಳಿ ಶಿವಣ್ಣ’ ಎಂದು ಅಲ್ಲಿದ್ದ ಒಂದೇ ಸ್ಟೂಲನ್ನು ಅವರ ಕಡೆಗೆ ತಳ್ಳಿದರು. ಶಿವಣ್ಣ ಕೂರಲಿಲ್ಲ. ಸ್ಟೂಲಿನ ಅಂಚು ಹಿಡಿದುಕೊಂಡು ನಿಂತು ಅತ್ತರು. ಮಾವ ಹೊರಗೆ ಹೋಗಿ ಎಳನೀರು ತಂದರು.

ವಿಚಾರಣೆ ನಡೆಯಿತು. ಬಂದಿದ್ದ ಅಧಿಕಾರಿ ನಿಷ್ಠುರ ಮನುಷ್ಯ, ಕೇಳಬೇಕಾದದ್ದನ್ನೇ ಕೇಳಿದರು: ಆಪರೇಟರಿಗೂ ಲೈನ್‌ಮನ್‌ಗೂ ಮಾತಿರಲಿಲ್ಲವೆಂಬುದು ನಿಮಗೆ ಮೊದಲೇ ಗೊತ್ತಿತ್ತೇ? ‘ನನ್ನ ಗಮನಕ್ಕೆ ಬಂದಿರಲಿಲ್ಲ’ ಎಂದು ನಾನು ಹೇಳಿದೆ. ಅದನ್ನು ಬರೆದುಕೊಂಡರು. ನಾನು ಓದಿ ಸಹಿ ಹಾಕಿದೆ.

ಶಿವಣ್ಣ ಆರು ತಿಂಗಳು ಸಸ್ಪೆಂಡ್ ಆದರು, ಬರಬೇಕಿದ್ದ ಬಡ್ತಿ ನಿಂತುಹೋಯಿತು. ರಂಗಸ್ವಾಮಿಗೆ ದೂರದ ವರ್ಗಾವಣೆ. ನಾಗರಾಜುವಿಗೆ ಚೇತರಿಸಿಕೊಂಡ ಮೇಲೆ ಸ್ಟೋರಿನಲ್ಲಿ ಕೆಲಸ ಕೊಟ್ಟರು. ನನಗೆ ಮುಂದೆ ಹೆಚ್ಚು ಎಚ್ಚರ ವಹಿಸತಕ್ಕದ್ದು ಎಂಬ ಒಂದು ಸಾಲು ಬಂತು. ನಾನು ಓಡಾಡಿ, ಮೇಲಿನವರನ್ನು ಕೇಳಿಕೊಂಡು, ಮಾವನನ್ನು ಮತ್ತೆ ನಮ್ಮ ಆಫೀಸಿಗೆ ಕರೆಸಿಕೊಂಡೆ.

ಅವರು ಬಂದರು. ಮೊದಲಿನ ಹಾಗೇ ಎಲ್ಲರ ಜೊತೆ ಹೋಗುತ್ತಿದ್ದರು. ನಾನು ಆ ರಿಜಿಸ್ಟರನ್ನು ನಿಲ್ಲಿಸಿದೆ. ವಿಚಾರಣೆಯಲ್ಲಿ ನಾನೇನು ಹೇಳಿದೆ ಎಂಬುದು ಅವರಿಗೆ ಗೊತ್ತಿತ್ತೇ ಎಂದು ಬಹಳ ದಿನ ನನಗೆ ತಿಳಿಯಲಿಲ್ಲ. ಅವರ ನಡವಳಿಕೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಒಂದು ವರ್ಷದ ಮೇಲೆ, ಗಣರಾಜ್ಯೋತ್ಸವದಂದು ಪ್ರಶಂಸಾಪತ್ರ ಕೊಡಲು ಒಳ್ಳೆಯ ಕೆಲಸಗಾರರ ಹೆಸರು ಕಳಿಸಿ ಎಂದು ಸುತ್ತೋಲೆ ಬಂತು. ಪ್ರತಿ ವರ್ಷ ಹೆಚ್ಚು ಕಂಬ ಹತ್ತಿದವರ ಹೆಸರೇ ಹೋಗುತ್ತಿದ್ದದ್ದು. ಈ ಸಲ ನಾನು ಮಾವನ ಹೆಸರು ಬರೆದೆ. ಮಾಡಿದ ವಿಶೇಷ ಸೇವೆ ಎನ್ನುವಲ್ಲಿ, ಸಿಬ್ಬಂದಿ ಒಂದಾಗಿ ಕೆಲಸ ಮಾಡುವಂತೆ ನೋಡಿಕೊಂಡಿದ್ದಾರೆ ಎಂದು ಮೂರು ಸಾಲು ಬರೆದು, ಅವರನ್ನು ಕರೆದು ಓದಿ ಹೇಳಿದೆ. ನನಗೆ ಸ್ವಲ್ಪ ಹೆಮ್ಮೆಯೇ ಇತ್ತು ಎನ್ನಬೇಕು.

ಅವರು ಎಂದಿನಂತೆ ತಲೆ ಬಗ್ಗಿಸಿ ಕೇಳಿದರು.

‘ಬ್ಯಾಡ ಸಾರ್’ ಎಂದರು.

ಯಾಕೆ ಎಂದೆ.

‘ಇವ್ರಿದ್ದಾಗ ಎಲ್ಲಾ ಚೆಂದಾಗಿತ್ತು ಅಂತ ಬರುದ್ರೆ, ಇಲ್ದಿದ್ದಾಗ ಏನಾಯ್ತು ಅಂತ ಯಾರಾರಾ ಕೇಳ್ತಾರೆ. ಇಲ್ದಂಗೆ ಮಾಡ್ದೋರು ಯಾರು ಅಂತಾನೂ ಕೇಳ್ತಾರೆ. ಆಗ ಏನ್ ಹೇಳ್ತೀರಿ?’

ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಅನುಕೂಲಕ್ಕೆಂದೇ ಹೇಳಿದ ಹಾಗಿತ್ತು. ವಿಚಾರಣೆಯಲ್ಲಿ ನಾನು ಹೇಳಿದ್ದು ಅವರಿಗೆ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ನಾನು ಬರೆದದ್ದನ್ನು ಹರಿದುಹಾಕಿದೆ. ಆ ವರ್ಷ ನಮ್ಮ ಆಫೀಸಿನಿಂದ ಯಾರ ಹೆಸರೂ ಹೋಗಲಿಲ್ಲ. ಅವರು ಹೊರಗೆ ಹೋಗಿ ಯಾರಿಗೋ ಏಣಿ ಎತ್ತಿಕೊಟ್ಟರು.

ಆಮೇಲೆ ನನಗೆ ಬಡ್ತಿ ಬಂತು, ಬೇರೆ ಜಿಲ್ಲೆಗೆ ಹೋದೆ. ಒಳ್ಳೆಯ ಅಧಿಕಾರಿ ಎಂಬ ಹೆಸರೂ ಬಂತು. ಹೊಸ ಆಫೀಸಿಗೆ ಹೋದಾಗಲೆಲ್ಲ ಮೊದಲು ಯಾರಿಗೆ ಯಾರ ಜೊತೆ ಮಾತಿಲ್ಲ ಎಂದು ವಿಚಾರಿಸಿಕೊಳ್ಳುತ್ತಿದ್ದೆ. ಅದನ್ನು ನನ್ನ ಗುಣವೆಂದು ಜನ ಹೊಗಳುತ್ತಿದ್ದರು. ಎಲ್ಲಿ ಕಲಿತದ್ದೆಂದು ನಾನು ಯಾರಿಗೂ ಹೇಳುತ್ತಿರಲಿಲ್ಲ, ಏಕೆಂದರೆ ಹಾಗೆ ಹೇಳಲು ಹೊರಟರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಏಳೆಂಟು ವರ್ಷದ ಮೇಲೆ ಅವರ ನಿವೃತ್ತಿಯ ಸಮಾರಂಭಕ್ಕೆ ಕರೆ ಬಂತು. ಆಫೀಸಿನ ಅಂಗಳದಲ್ಲೇ ಶಾಮಿಯಾನ, ಮಧ್ಯಾಹ್ನದ ಊಟ. ನನ್ನನ್ನು ಮುಖ್ಯ ಅತಿಥಿಯೆಂದು ಮುಂದೆ ಕೂರಿಸಿದರು. ಅವರು ಪಕ್ಕದಲ್ಲಿ ಹೊಸ ಬಿಳಿ ಶರ್ಟು, ಶಾಲು, ಕನಕಾಂಬರದ ಹಾರ ಹಾಕಿಕೊಂಡು ಇರಿಸುಮುರಿಸಾಗಿ ಕೂತಿದ್ದರು. ಎದುರಿಗೆ ಮೂರನೆಯ ಸಾಲಿನಲ್ಲಿ ನಾಗರಾಜು, ಹೆಂಡತಿ, ಇಬ್ಬರು ಮಕ್ಕಳು. ಊರಿಗೆ ಮರಳಿ ನಿವೃತ್ತರಾಗಿದ್ದ ರಂಗಸ್ವಾಮಿ ಬಂದಿದ್ದರು. ಶಿವಣ್ಣ ಕೊನೆಯಲ್ಲಿ, ಕಂಬಕ್ಕೆ ಒರಗಿ ನಿಂತಿದ್ದರು. ಇನ್ನೂ ಆಪರೇಟರೇ ಆಗಿದ್ದರು.

ನನಗಿಂತ ಮೊದಲು ಮಾತಾಡಿದವರು ಸರಳ ಸಜ್ಜನರು, ಅಜಾತಶತ್ರು ಎಂದೆಲ್ಲ ಹೇಳಿದರು. ನಾನು ಕೂಡ ಅಂಥದೇ ಒಂದು ಭಾಷಣ ಯೋಚಿಸಿಕೊಂಡು ಬಂದಿದ್ದೆ. ಎದ್ದು ನಿಂತಾಗ ಅದರ ಮೊದಲ ವಾಕ್ಯವೂ ಬಾಯಿಗೆ ಬರಲಿಲ್ಲ. ಇವರು ಈ ಆಫೀಸಿನಲ್ಲಿ ಮಾಡುತ್ತಿದ್ದ ಕೆಲಸ ಏನೆಂದು ನನಗೆ ಗೊತ್ತಾದದ್ದು ನಾನು ಇವರನ್ನು ಇಲ್ಲಿಂದ ಕಳಿಸಿದ ಮೇಲೆ ಎಂದೆ. ಹೋಗುವ ದಿನ ಇವರು ನನ್ನ ಕೋಣೆಗೆ ಬಂದು ರಂಗಸ್ವಾಮಿಗೂ ಶಿವಣ್ಣನಿಗೂ ಮಾತಿಲ್ಲ, ಕೂರಿಸಿ ಹೇಳಿ ಎಂದಿದ್ದರು; ನಾನು ಹೇಳಲಿಲ್ಲ; ವಿಚಾರಣೆಯಲ್ಲಿ ಗೊತ್ತೇ ಇರಲಿಲ್ಲ ಎಂದು ಸುಳ್ಳು ಹೇಳಿದೆ ಎಂದೆ. ಇಷ್ಟು ಹೇಳಲು ಎರಡು ನಿಮಿಷ ಹಿಡಿದಿರಬಹುದು. ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಶಿವಣ್ಣ ಒರಗಿದ್ದ ಕಂಬ ಬಿಟ್ಟು ಗೇಟಿನ ಕಡೆ ನಡೆದರು. ನಿರೂಪಕರು ಮುಂದಿನ ಹೆಸರು ಕೂಗಿದರು. ಆಗ ಮಾವ ಎದ್ದರು. ಹಾರವನ್ನೂ ತೆಗೆಯದೆ, ಕಾಲೆಳೆದುಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಶಿವಣ್ಣನ ಹಿಂದೆ ಹೋದರು. ಸನ್ಮಾನ ಮಾಡಿಸಿಕೊಳ್ಳಬೇಕಾದವರೇ ಎದ್ದುಹೋದದ್ದರಿಂದ ಕಾರ್ಯಕ್ರಮ ಅಲ್ಲಿಗೇ ನಿಂತಿತು. ಗೇಟಿನಾಚೆ ಇಬ್ಬರೂ ನಿಂತಿದ್ದುದು ನನಗೆ ಕಾಣುತ್ತಿತ್ತು. ಶಿವಣ್ಣ ಕೈ ಆಡಿಸುತ್ತ ಮಾತಾಡುತ್ತಿದ್ದರು, ಇವರು ನೆಲ ನೋಡುತ್ತಿದ್ದರು. ಕಾಲು ಗಂಟೆಯಾದರೂ ಆಗಿರಬೇಕು. ಆಮೇಲೆ ಇಬ್ಬರೂ ಒಳಗೆ ಬಂದರು. ಮಾವ ತಮ್ಮ ಕುರ್ಚಿಯಲ್ಲಿ, ನನ್ನ ಪಕ್ಕದಲ್ಲಿ, ಶಿವಣ್ಣನನ್ನು ಕೂರಿಸಿ ತಾವು ಹಿಂದೆ ನಿಂತರು.

ಶಿವಣ್ಣ ನನ್ನ ಮುಖ ನೋಡಲಿಲ್ಲ. ‘ಈಗ ಹೇಳುದ್ರಲ್ಲ, ಅದುನ್ನ ಬರ್ದು ಕೊಡ್ತೀರಾ ಸಾರ್?’ ಎಂದರು.

‘ಕೊಡ್ತೀನಿ’ ಎಂದೆ.

ಆ ಕಾಗದ ಮುಂದೆ ಎರಡು ವರ್ಷ ಮೇಜಿನಿಂದ ಮೇಜಿಗೆ ಓಡಾಡಿತು. ಶಿವಣ್ಣನಿಗೆ ನಿವೃತ್ತಿಗೆ ಮುಂಚೆ ತಡೆದಿದ್ದ ಬಡ್ತಿ ಸಿಕ್ಕಿತು, ನನಗೆ ಸಿಗಬೇಕಾದ ಶಿಕ್ಷೆ ಸಿಕ್ಕಿತು. ಆದರೆ ಅಂದು ನಾನು ಊರಿಗೆ ಹೋದ ಮೇಲೆ ಟೈಪ್ ಮಾಡಿಸಿ ಕಳಿಸುತ್ತೇನೆಂಬ ಅರ್ಥದಲ್ಲೇ ಕೊಡ್ತೀನಿ ಎಂದಿದ್ದೆ.

ಮಾವ ಗುಮಾಸ್ತರನ್ನು ಕರೆದು ಒಂದು ಬಿಳಿ ಹಾಳೆ ತರಿಸಿದರು. ಜೊತೆಗೆ, ಒತ್ತಿಟ್ಟುಕೊಂಡು ಬರೆಯಲು ಒಂದು ರಟ್ಟು. ಅಡುಗೆಯವನು ಬಂದು ಎಲೆ ಹಾಕಿಯಾಯಿತು, ಅನ್ನ ಆರುತ್ತದೆ ಎಂದ.

‘ಸಾಹೇಬ್ರು ಬರೀತಾ ಅವ್ರೆ, ಮುಗೀಲಿ ಇರಪ್ಪ’ ಎಂದರು ಅವರು.

ನಾನು ಬರೆದು ಮುಗಿಸುವವರೆಗೆ ಯಾರನ್ನೂ ಊಟಕ್ಕೆ ಏಳಿಸಲಿಲ್ಲ.